ಗಾಲಿ ಮೇಲಿನ ಒಲೆ

ಒಲೆ ನೀಲಿಯಾಗಿ ಉರಿಯುವ ತನಕ ಗಾಡಿ ಹೊರಡುವುದಿಲ್ಲ ಎಂದು ನಮ್ಮವರು ಗುರುವಾರ ಬೆಳಿಗ್ಗೆ ಘೋಷಿಸಿದರು. ಘೋಷಣೆಯಾದದ್ದು ನಮ್ಮ ಸೊಸೈಟಿಯ ಪಾರ್ಕಿಂಗಿನಲ್ಲಿ. ಅವರ ಒಂದು ಕೈಯಲ್ಲಿ ಸೋಪಿನ ನೊರೆ ತುಂಬಿದ ಬಟ್ಟಲು, ಇನ್ನೊಂದರಲ್ಲಿ ಬಣ್ಣ ಬಳಿಯುವ ಬ್ರಷ್ಷು. ಕೇಳಿಸಿಕೊಳ್ಳಲು ಇದ್ದದ್ದು ನಾನು ಮತ್ತು ನೆರಳಿಗೆಂದು ಬಂದು ಮಲಗಿದ್ದ ಒಂದು ನಾಯಿ. ನಾಯಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ. ನನಗೆ ಆಗಬೇಕಾಗಿತ್ತು.

ನಮ್ಮವರ ಹೆಸರು ಹನುಮಂತ. ರೈಲ್ವೆಯಲ್ಲಿ ಬೋಗಿಗಳ ತಪಾಸಣೆ ಮಾಡುವ ಕೆಲಸದಲ್ಲಿದ್ದು ವಡೋದರಾದಲ್ಲಿ ನಿವೃತ್ತರಾದವರು. ಬಾಗಲಕೋಟೆ ಕಡೆಯಿಂದ ಹೊರಟ ನಾವು ಹುಬ್ಬಳ್ಳಿ, ಸೊಲ್ಲಾಪುರ, ಭುಸಾವಳ ಎಂದು ವರ್ಗವಾಗುತ್ತ ಆಗುತ್ತ ಕಡೆಗೆ ಇಲ್ಲಿ ಮಂಜಲ್‌ಪುರದಲ್ಲಿ ಒಂದು ಫ್ಲಾಟು ಮಾಡಿಕೊಂಡು ಕೂತೆವು. ಅವರು ಗಾಲಿ, ಬ್ರೇಕು, ಕೊಂಡಿ ಎಲ್ಲ ನೋಡಿ 'ಫಿಟ್' ಎನ್ನುವ ತನಕ ಯಾವ ರೈಲೂ ಪ್ಲಾಟ್‌ಫಾರ್ಮು ಬಿಡುತ್ತಿರಲಿಲ್ಲ. ಆ ಒಂದು ಪದದ ಗತ್ತು ನಿವೃತ್ತಿಯಾದ ಮೇಲೂ ಇಳಿದಿಲ್ಲ. ಮನೆಗೆ ಹೊಸ ಕುಕ್ಕರು ಬಂದರೂ ಅದಕ್ಕೆ ಫಿಟ್ ಸಿಗಬೇಕು. ಮಗಳು ವಿಂಧ್ಯಾ ಮದುವೆಗೆ ಹುಡುಗನನ್ನು ಕರೆತಂದಾಗಲೂ ಇವರು ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಒಳಗೆ ಬಂದು ಅದೇ ಪದ ಹೇಳಿದ್ದರು.

ಈಗ ಅವರೆದುರು ನಿಂತದ್ದು ಒಂದು ಪುಟ್ಟ ಟ್ರೇಲರು. ಜೀಪಿನ ಹಿಂದೆ ಕಟ್ಟಿಕೊಂಡು ಎಳೆದೊಯ್ಯುವಂಥದ್ದು. ಒಳಗೆ ಇಬ್ಬರು ಮಲಗುವಷ್ಟು ಹಾಸಿಗೆ, ಮಡಚುವ ಮೇಜು, ಕೈ ತೊಳೆಯುವ ಬೋಗುಣಿ, ಒಂದು ಪಕ್ಕದಲ್ಲಿ ಒಲೆ ಕೂರಿಸಲು ಜಾಗ. ಸೂರತ್ ಹತ್ತಿರದ ಸಚಿನ್‌ನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯವರೊಬ್ಬರು ಆಸೆಪಟ್ಟು ಮಾಡಿಸಿ, ಒಂದೆರಡು ಸಲ ಹೋಗಿ ಬಂದು, ಬೇಸರ ಬಂದು ನಮಗೆ ಕೊಟ್ಟಿದ್ದರು. ಮನಸ್ಸಿಗೆ ಬರದಿದ್ದರೆ ಭಾನುವಾರದೊಳಗೆ ವಾಪಸು ತಂದುಬಿಡಿ, ಇನ್ನೊಬ್ಬರು ಕೇಳುತ್ತಿದ್ದಾರೆ ಎಂದೂ ಹೇಳಿದ್ದರು. ತಮ್ಮ ಒಲೆಯನ್ನು ಮಾತ್ರ ಬಿಚ್ಚಿ ಇಟ್ಟುಕೊಂಡಿದ್ದರು. ಹಾಗಾಗಿ ನಮ್ಮ ಬೀದಿಯ ಕೊನೆಯಲ್ಲಿರುವ ಅಮೃತ್‌ಭಾಯಿಯ ಅಂಗಡಿಗೆ ನಾನೇ ಹೋಗಿ ಹೊಸದೊಂದು ಎರಡು ಬರ್ನರಿನ ಒಲೆ ತಂದೆ. ಪೆಟ್ರೋಲ್ ಬಂಕಿನಲ್ಲಿ ಸಿಗುವ ಚಿಕ್ಕ ಸಿಲಿಂಡರು ನಮ್ಮವರು ತಂದರು.

ನನಗೆ ಈ ಟ್ರೇಲರು ಯಾಕೆ ಬೇಕಿತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ರೈಲ್ವೆಯವರ ಹೆಂಡತಿ ಎಂದರೆ ಪಾಸು ಇರುತ್ತದೆ, ದೇಶವೆಲ್ಲ ಸುತ್ತಿರುತ್ತಾಳೆ ಎಂದು ಜನ ತಿಳಿಯುತ್ತಾರೆ. ಸುತ್ತಿದ್ದೇನೋ ನಿಜ. ಆದರೆ ಪ್ರತಿ ಸಲವೂ ಯಾರದೋ ಮದುವೆ, ಯಾರದೋ ಬಾಣಂತನ, ಯಾರನ್ನೋ ಮಣ್ಣಿಗೆ ಇಟ್ಟ ಸುದ್ದಿ. ಇಳಿದ ಕೂಡಲೇ ಸೆರಗು ಸಿಕ್ಕಿಸಿಕೊಂಡು ಯಾರದೋ ಅಡುಗೆಮನೆ ಹೊಕ್ಕು, ಬುಟ್ಟಿ ತುಂಬ ರೊಟ್ಟಿ ಬಡಿದು, ಮತ್ತೆ ರೈಲು ಹತ್ತಿದ್ದು. ಯಾರೂ ಕರೆಯದ, ಯಾರೂ ಕಾಯದ ಒಂದು ಜಾಗಕ್ಕೆ ಹೋಗಿ, ನನಗೆ ಮನಸ್ಸು ಬಂದಾಗ ಎದ್ದು, ನನಗೆ ಬೇಕಾದ್ದು ಬೇಯಿಸಿಕೊಂಡು ಉಣ್ಣಬೇಕು. ಇಷ್ಟೇ ಆಸೆ. ಅರವತ್ತು ದಾಟಿದ ಮೇಲೆ ಇದನ್ನು ಆಸೆ ಎನ್ನುವುದಕ್ಕೆ ನಾಚಿಕೆಯೂ ಆಗುತ್ತದೆ, ಆದರೂ ಅದು ಆಸೆಯೇ.

ಒಲೆಯ ಷರತ್ತು ಅವರದು. ಹೊರಗಿನ ಊಟ ಅವರ ಹೊಟ್ಟೆಗೆ ಆಗಿಬರುವುದಿಲ್ಲ. ಈ ಊರಿನ ಸಿಹಿ ಬೇಳೆ ಎರಡು ದಿನ ಉಂಡರೆ ಮೂರನೆಯ ದಿನ ಎದೆ ಉರಿ ಎಂದು ಒದ್ದಾಡುತ್ತಾರೆ. ಜೋಳದ ರೊಟ್ಟಿ ಬೇಕು, ಅದೂ ಉಬ್ಬಿದ್ದು. ನಾನೊಬ್ಬಳೇ ಆಗಿದ್ದರೆ ಬಾಳೆಹಣ್ಣು ತಿಂದುಕೊಂಡು ಕಚ್ಛದ ತನಕ ಹೋಗಿಬರುತ್ತಿದ್ದೆ.

ಗುರುವಾರ ಒಲೆ ಕೂರಿಸಿ, ಸಿಲಿಂಡರಿಗೆ ರೆಗ್ಯುಲೇಟರು ಹಾಕಿ, ರಬ್ಬರ್ ನಳಿಗೆಯ ಎರಡೂ ತುದಿಗೆ ಸೋಪಿನ ನೊರೆ ಸವರಿ, ಗುಳ್ಳೆ ಏಳುವುದಿಲ್ಲ ಎಂದು ಖಾತ್ರಿ ಮಾಡಿಕೊಂಡ ಮೇಲೆ ಅವರು ನನಗೆ ಕಡ್ಡಿಪೆಟ್ಟಿಗೆ ಕೊಟ್ಟರು.

"ಹಚ್ಚು ಗೌರಾ. ಮೊದಲ ಉರಿ ನಿನ್ನ ಕೈಯಿಂದ ಆಗ್ಲಿ."

ಗೌರಮ್ಮನಾದ ನಾನು ಒಳಗೊಳಗೇ ಹಿಗ್ಗಿ ಕಡ್ಡಿ ಗೀರಿ ಹಚ್ಚಿದೆ. ಉರಿ ಭಗ್ಗೆಂದು ಮೇಲೆದ್ದಿತು. ನೀಲಿಯ ಸುಳಿವೂ ಇಲ್ಲ. ಹಳದಿ ಜ್ವಾಲೆ, ತುದಿಯಲ್ಲಿ ಕಪ್ಪು ಹೊಗೆ. ಹಂಚು ಇಟ್ಟರೆ ಅದರ ಅಂಚು ದಾಟಿ ಮೇಲೆ ಬರುತ್ತಿತ್ತು. ಆದರೂ ಒಂದು ರೊಟ್ಟಿ ಬಡಿದು ಹಾಕಿದೆ. ನಾನು ಬಡಿದ ಹಾಗೆಲ್ಲ ಟ್ರೇಲರು ತೊಟ್ಟಿಲಿನ ಹಾಗೆ ತೂಗಿತು. ರೊಟ್ಟಿ ಉಬ್ಬುವುದಿರಲಿ, ಮಸಿ ಹತ್ತಿ ಬೆಕ್ಕಿನ ಮೈಯಂತೆ ಕಂದು ಕಪ್ಪು ಪಟ್ಟೆಯಾಯಿತು.

"ಬಂದ್ ಮಾಡು, ಬಂದ್ ಮಾಡು!" ಎಂದು ಅವರು ಹೊರಗಿನಿಂದಲೇ ಕೂಗಿದರು. ಆಮೇಲೆ ಆ ಘೋಷಣೆ.

"ಉರಿ ನೀಲಿ ಆಗೂತನಕ ಗಾಡಿ ಹೊಂಡಂಗಿಲ್ಲ. ಶನಿವಾರ ಸಂಜಿತನಕ ನೋಡೂಣು. ಆಗಲಿಲ್ಲಂದ್ರ ಸೂರತ್ತಿಗೆ ಫೋನ್ ಮಾಡಿ ವಾಪಸ್ ಕೊಟ್ಟುಬಿಡೂಣು."

"ಅಲ್ರೀ, ಒಂದು ಒಲಿ ಸಲುವಾಗಿ ಇಡೀ ಗಾಡಿ ವಾಪಸ್ಸೇನ್ರೀ?"

"ಒಂದು ಒಲಿ ಅಲ್ಲ ಅದು. ಬೆಂಕಿ. ಮಲಗೂ ಕ್ವಾಣ್ಯಾಗ ಬೆಂಕಿ ಇಟ್ಕೊಂಡು ಹೋಗೂದು, ತಿಳೀತೇನು?"

ತಿಳಿಯದೇ ಏನು. ಅವರ ಮಾತು ಸರಿಯಾಗಿತ್ತು. ಅದಕ್ಕೇ ನನಗೆ ಇನ್ನಷ್ಟು ಸಿಟ್ಟು ಬಂತು.

ದೋಷ ಹುಡುಕುವುದಕ್ಕೆ ಅವರದೊಂದು ಕ್ರಮವಿದೆ. ಒಂದು ತುದಿಯಿಂದ ಹಿಡಿದು ಇನ್ನೊಂದು ತುದಿಯ ತನಕ ಏನನ್ನೂ ಬಿಡದೆ ನೋಡುತ್ತ ಹೋಗುವುದು. ಮೊದಲು ಬರ್ನರು. ಅದನ್ನು ಬಿಚ್ಚಿ, ಕೊಳವೆಯೊಳಗೆ ಜೇಡ ಬಲೆ ಕಟ್ಟಿದೆಯೋ ಎಂದು ಬಾಟಲಿ ತೊಳೆಯುವ ಬ್ರಷ್ಷಿನಿಂದ ಉಜ್ಜಿದರು. ಅಂಗಡಿಯಿಂದ ನಿನ್ನೆ ತಂದ ಒಲೆಯಲ್ಲಿ ಯಾವ ಜೇಡ? ಆದರೂ ಉಜ್ಜಿದರು. ಬರ್ನರಿನ ಮುಚ್ಚಳವನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಒಣಗಿಸಿದರು. ನನ್ನ ಪೂಜೆಯ ಸಾಮಾನಿಗೆ ಇಟ್ಟ ಹುಣಸೆಹಣ್ಣು ಅದು. ಗ್ಯಾಸು ಹೊರಬರುವ ಜೆಟ್ಟನ್ನು, ಅಂದರೆ ನಡುವೆ ಸಣ್ಣ ತೂತಿರುವ ಹಿತ್ತಾಳೆಯ ತಿರುಪನ್ನು, ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚಿ ನೋಡಿದರು. ಕಸವಿಲ್ಲ, ತೂತು ಚೊಕ್ಕಟವಾಗಿದೆ ಎಂದರು. ಮತ್ತೆ ಹಚ್ಚಿದರೆ ಅದೇ ಹಳದಿ.

ಆಮೇಲೆ ರೆಗ್ಯುಲೇಟರು ಬದಲಾಯಿತು. ನಳಿಗೆ ಬದಲಾಯಿತು. ಸಿಲಿಂಡರನ್ನು ಬಂಕಿಗೆ ಒಯ್ದು ಬೇರೆಯದು ತಂದರು. ಒಲೆ ಓರೆಯಾಗಿರಬಹುದು ಎಂದು ಟ್ರೇಲರಿನ ನಾಲ್ಕು ಮೂಲೆಗೂ ಜಾಕು ಕೊಟ್ಟು ಮಟ್ಟ ಮಾಡಿದರು. ಇದರಿಂದ ಒಂದು ಲಾಭವಾಯಿತು, ರೊಟ್ಟಿ ಬಡಿದರೆ ಗಾಡಿ ತೂಗುವುದು ನಿಂತಿತು. ಆದರೆ ಬಡಿಯಲು ಉರಿಯಿಲ್ಲ.

ಶುಕ್ರವಾರ ಬೆಳಿಗ್ಗೆ ಅವರಿಗೆ ಗಾಳಿಯ ಮೇಲೆ ಸಂಶಯ ಬಂತು. ಪಡುವಣದ ಗಾಳಿ ಬಾಗಿಲಿನಿಂದ ನುಗ್ಗಿ ಉರಿಯನ್ನು ಕೆಡಿಸುತ್ತಿದೆ ಎಂದು, ಸೊಸೈಟಿಯಲ್ಲಿ ವಾಕಿಂಗಿಗೆ ಹೊರಟಿದ್ದ ಗಂಡಸರನ್ನೆಲ್ಲ ಕರೆದು ಟ್ರೇಲರನ್ನು ತಿರುಗಿಸಿ ಬಾಗಿಲು ಪೂರ್ವಕ್ಕೆ ಬರುವಂತೆ ನಿಲ್ಲಿಸಿದರು. ಅಷ್ಟರಲ್ಲಿ ಎದುರು ಮನೆಯ ರಜನಿಬೆನ್ ಬಾಲ್ಕನಿಗೆ ಬಂದಳು. ನಾವಿಬ್ಬರೂ ಮಾತಾಡುವುದು ಅರ್ಧ ಹಿಂದಿ, ಅರ್ಧ ಗುಜರಾತಿ. ಎರಡನ್ನೂ ನಾನು ಬಾಗಲಕೋಟೆ ಧಾಟಿಯಲ್ಲೇ ಆಡುತ್ತೇನೆ ಎಂದು ಅವಳು ನಗುತ್ತಾಳೆ.

"ಗೌರಿಬೆನ್, ಒಳ್ಳೆಯದೇ ಮಾಡಿದಿರಿ. ನಾನೂ ಹೇಳಬೇಕೆಂದಿದ್ದೆ. ಬಾಗಿಲು ಪಶ್ಚಿಮಕ್ಕೆ ಇರಬಾರದು."

ಅವಳು ವಾಸ್ತು ನೋಡಿ ತಿರುಗಿಸಿದ್ದೇವೆ ಎಂದು ತಿಳಿದಿದ್ದಳು. ಜೀಪಿಗೆ ಕಟ್ಟಿ ಓಡಿಸುವ ಮನೆಗೆ ಯಾವ ದಿಕ್ಕಿನ ವಾಸ್ತು ಎಂದು ಕೇಳಲು ಬಾಯಿ ತುರಿಸಿತು. ಗಾಡಿ ತಳ್ಳಿದ ಗಂಡಸರು ಕೂಡ ಅದನ್ನೇ ತಿಳಿದು ತೃಪ್ತಿಯಿಂದ ಹೋದದ್ದು ಕಂಡು ಸುಮ್ಮನಾದೆ. ಪೂರ್ವಾಭಿಮುಖವಾಗಿಯೂ ಉರಿ ಹಳದಿಯಾಗಿಯೇ ಇತ್ತು.

ಮಧ್ಯಾಹ್ನ ವಿಂಧ್ಯಾಳಿಗೆ ವಿಡಿಯೋ ಕಾಲ್ ಹೋಯಿತು. ಅವಳು ಅಹಮದಾಬಾದಿನ ನವರಂಗಪುರದಲ್ಲಿ ಇದ್ದಾಳೆ, ಬಾಹ್ಯಾಕಾಶ ಸಂಶೋಧನೆಯ ಸಂಸ್ಥೆಯಲ್ಲಿ ಕೆಲಸ. ಉಪಗ್ರಹದ ವಿಷಯ ಬಲ್ಲವಳಿಗೆ ಒಲೆಯ ವಿಷಯ ತಿಳಿಯದೇ ಇರುತ್ತದೆಯೇ ಎಂದು ಅವಳ ಅಪ್ಪನ ನಂಬಿಕೆ. ಫೋನನ್ನು ಉರಿಯ ಹತ್ತಿರ ಹಿಡಿದು ತೋರಿಸಿದರು.

"ಅಪ್ಪಾ, ಸ್ವಲ್ಪ ದೂರ ಹಿಡೀರಿ, ಫೋನ್ ಸುಡ್ತೈತಿ. ಯೆಲ್ಲೋ ಫ್ಲೇಮ್ ಅಂದ್ರ ಗಾಳಿ ಸಾಲಾಕತ್ತಿಲ್ಲ ಅಂತ. ಒಳಗ ಜಾಗ ಸಣ್ಣದು ಐತಲ್ಲ, ಆಕ್ಸಿಜನ್ ಕಡಿಮಿ ಬೀಳ್ತಿರಬೇಕು. ಅವ್ವಾ, ನನ್ನ ಮಾತು ಕೇಳು, ಇದೆಲ್ಲ ಯಾಕ ಬೇಕು? ನಾ ಹೋಟೆಲ್ ಬುಕ್ ಮಾಡ್ತೀನಿ, ಆರಾಮಾಗಿ ಹೋಗಿಬರ್ರಿ."

"ಹೋಟೆಲ್ನ್ಯಾಗ ನಾ ಏನು ಮಾಡ್ಲಿ? ಗ್ವಾಡಿ ನೋಡ್ಕೋತ ಕುಂದರ್ಲೇನು?"

"ರೆಸ್ಟ್ ಮಾಡವ್ವಾ."

"ರೆಸ್ಟ್ ಮಾಡಾಕ ಇಲ್ಲೇ ಹಾಸಿಗಿ ಐತಿ" ಎಂದೆ. ಮಗಳು ನಕ್ಕಳು. ಪ್ರೀತಿಯಿಂದಲೇ ಹೇಳುತ್ತಾಳೆ, ಆದರೆ ನನಗೆ ಬೇಕಾದ್ದು ಏನು ಎಂದು ಅವಳಿಗೂ ಅರ್ಥವಾಗಿರಲಿಲ್ಲ.

ಅವಳ ಮಾತಿನಂತೆ ನಮ್ಮವರು ಒಲೆಯನ್ನು ಬಿಚ್ಚಿ ಹೊರಗೆ, ಬಯಲಿನಲ್ಲಿ, ಕಲ್ಲಿನ ಮೇಲೆ ಇಟ್ಟು ಹಚ್ಚಿದರು. ಇಡೀ ವಡೋದರಾದ ಗಾಳಿ ಅದಕ್ಕೆ ಸಿಗುತ್ತಿತ್ತು. ಹಳದಿ.

ಹಾಗಾದರೆ ಒಲೆಯೇ ಕೆಟ್ಟದ್ದು ಎಂದು ತೀರ್ಮಾನಿಸಿ ಅದನ್ನು ಎತ್ತಿಕೊಂಡು ಎರಡನೆಯ ಮಹಡಿಗೆ ನಮ್ಮ ಮನೆಗೆ ತಂದರು. ಅಲ್ಲಿ ನಮ್ಮ ಹಳೆಯ ಒಲೆಯ ನಳಿಗೆ ತೆಗೆದು ಇದಕ್ಕೆ ಸಿಕ್ಕಿಸಿ ಹಚ್ಚಿದರು. ಎಷ್ಟು ಚೆಂದದ ಉರಿ ಬಂತೆಂದರೆ ನಾನು ಆಹಾ ಎಂದೆ. ಸುತ್ತಲೂ ಒಂದೇ ಎತ್ತರ, ಅಚ್ಚ ನೀಲಿ. ಅಲ್ಲೇ ಒಂದು ರೊಟ್ಟಿ ಹಾಕಿದೆ, ಬುಗ್ಗೆಯಂತೆ ಉಬ್ಬಿತು. ಅವರು ಅದನ್ನು ತಿನ್ನುತ್ತ "ಒಲಿ ಫಿಟ್" ಎಂದರು. ಕೆಳಗೆ ಒಯ್ದು ಹಚ್ಚಿದರೆ ಹಳದಿ. ಮೇಲೆ ತಂದರೆ ನೀಲಿ. ಅವರು ಹಾಗೆ ಒಲೆ ಹೊತ್ತು ಮೆಟ್ಟಿಲು ಹತ್ತಿ ಇಳಿಯುವುದನ್ನು ನೋಡಿ ನೋಡಿ ರಜನಿಬೆನ್‌ಗೆ ಕನಿಕರ ಹುಟ್ಟಿತು.

ಶನಿವಾರ ಮಧ್ಯಾಹ್ನ ಅವಳು ತನ್ನ ಅಟ್ಟದಿಂದ ಒಂದು ದೊಡ್ಡ ಒಲೆ ಇಳಿಸಿಕೊಂಡು ಪಾರ್ಕಿಂಗಿಗೇ ಬಂದಳು. ಪಾದ್ರಾ ಕಡೆಯ ಹಳ್ಳಿಯಲ್ಲಿ ಅವಳ ಅತ್ತೆಮನೆ ಇದೆ, ಅಲ್ಲಿ ಉಪಯೋಗಿಸುವ ಒಲೆಯಂತೆ, ಕಾಲು ಮುರಿದಿದ್ದರಿಂದ ರಿಪೇರಿಗೆ ತಂದಿಟ್ಟಿದ್ದಳು.

"ಹನುಮಂತ್‌ಭಾಯಿ, ಇದನ್ನು ಹಚ್ಚಿ ನೋಡಿ. ಪಾಪ, ಮೊಣಕಾಲು ಹೋಗುತ್ತದೆ ನಿಮ್ಮದು."

ಹಚ್ಚಿದರು. ಅದೇ ಸಿಲಿಂಡರು, ಅದೇ ನಳಿಗೆ, ಅದೇ ಜಾಗ. ರಜನಿಬೆನ್‌ಳ ಮುರುಕು ಕಾಲಿನ ಒಲೆ ನೀಲಿಯಾಗಿ ಉರಿಯಿತು.

ನಮ್ಮವರು ಟ್ರೇಲರಿನ ಮೆಟ್ಟಿಲ ಮೇಲೆ ಕೂತುಬಿಟ್ಟರು. ನನಗೆ ಅಯ್ಯೋ ಅನ್ನಿಸಿತು. ಎಷ್ಟೋ ವರ್ಷ ಕತ್ತಲು, ಮಳೆ ಎನ್ನದೆ ರೈಲಿನ ಅಡಿಗೆ ತೂರಿ ಬಿರುಕು ಹುಡುಕಿದ ಮನುಷ್ಯ ಎರಡು ಬರ್ನರಿನ ಒಲೆಯ ಮುಂದೆ ಸೋತು ಕೂತಿದ್ದರು.

"ಸಿಲಿಂಡರ್ ಫಿಟ್. ರೆಗ್ಯುಲೇಟರ್ ಫಿಟ್. ಒಲಿ ಫಿಟ್. ಎಲ್ಲಾ ಫಿಟ್ ಅದಾವು. ಕೂಡಿಸಿದ್ರ ಕೆಡತೈತಿ. ಹಿಂಗ ಎಲ್ಲೂ ನೋಡಿಲ್ಲ ನಾ."

"ನಮ್ಮ ಮದುವಿ ಆದಾಗ ನಿಮ್ಮವ್ವಾರೂ ಹಿಂಗ ಅಂತಿದ್ರು" ಎಂದೆ. ನಗಿಸಲು ಆಡಿದ ಮಾತು. ಅವರು ನಗಲಿಲ್ಲ.

"ನನ್ನ ಒಲೆಯನ್ನೇ ಒಯ್ದರಾಯಿತು" ಎಂದು ರಜನಿಬೆನ್ ಹೇಳಿದಳು. ಅದು ಟ್ರೇಲರಿನ ಜಾಗಕ್ಕೆ ಕೂರುವುದಿಲ್ಲ, ಅಷ್ಟು ಅಗಲ. ಕೂರುವಂತಿದ್ದರೂ ಅವರು ಒಪ್ಪುತ್ತಿರಲಿಲ್ಲ. "ಕಾರಣ ಸಿಗದ ದೋಷ ಅಂದ್ರ ಅದು ಎಲ್ಲಿ ಬೇಕಾದ್ರೂ ಕುಂತಿರಬಹುದು. ಕಾರಣ ಸಿಗೂತನಕ ಗಾಡಿ ಬಿಡಬಾರದು" ಎಂದು ಫೋನು ತೆಗೆದು ಸೂರತ್ತಿನವರ ನಂಬರು ಹುಡುಕತೊಡಗಿದರು.

"ರೀ, ಒಂದ್ನಿಮಿಷ ತಡೀರಿ."

"ಎಷ್ಟು ತಡಿಯೂದು ಗೌರಾ? ಅವ್ರೂ ದಾರಿ ನೋಡಾಕತ್ತಿರ್ತಾರ."

"ನಾ ಎಷ್ಟೋ ವರ್ಷ ತಡದೀನಿ. ನೀವು ಒಂದು ರೊಟ್ಟಿ ಬೇಯೂವಷ್ಟು ಹೊತ್ತು ತಡೀರಿ."

ಮಾತು ಸ್ವಲ್ಪ ಜೋರಾಗಿಯೇ ಬಂತು. ರಜನಿಬೆನ್‌ಗೆ ಕನ್ನಡ ಬಾರದಿದ್ದರೂ ಅವಳು ಮೆಲ್ಲಗೆ ಪಕ್ಕಕ್ಕೆ ಸರಿದಳು. ಅವರು ಫೋನನ್ನು ಜೇಬಿಗೆ ಹಾಕಿದರು.

ಎರಡೂ ಒಲೆಗಳ ಮುಂದೆ ನೆಲದ ಮೇಲೆಯೇ ಕೂತೆ. ಇಲ್ಲಿ ಇದು ಹಳದಿ, ಅದು ನೀಲಿ. ಮೇಲೆ ಮನೆಯಲ್ಲಿ ಇದೂ ನೀಲಿ. ಒಲೆಯಲ್ಲಿ ಐಬಿಲ್ಲ, ಸಿಲಿಂಡರಿನಲ್ಲಿ ಐಬಿಲ್ಲ ಎಂದಮೇಲೆ ಇವೆರಡರ ಜೋಡಿಯಲ್ಲಿ ಐಬಿರಬೇಕು. ಜೋಳದ ಹಿಟ್ಟಿಗೆ ಕುದಿಯುವ ನೀರು ಹಾಕಿ ಕಲಸಬೇಕು, ಗೋಧಿ ಹಿಟ್ಟಿಗೆ ತಣ್ಣೀರು ಸಾಕು. ಹಿಟ್ಟು ಒಳ್ಳೆಯದೇ, ನೀರೂ ಒಳ್ಳೆಯದೇ. ಅದಲುಬದಲು ಮಾಡಿದರೆ ಯಾವುದೂ ಕೈಗೆ ಬಾರದು.

"ರೀ, ಮ್ಯಾಲೆ ಮನ್ಯಾಗ ಬರೂ ಗ್ಯಾಸು, ಇಲ್ಲಿ ಸಿಲಿಂಡರಿನ್ಯಾಗ ಇರೂ ಗ್ಯಾಸು ಒಂದ ಏನು?"

ನಮ್ಮ ಮನೆಗೆ, ಈ ಊರಿನ ಎಷ್ಟೋ ಮನೆಗಳಿಗೆ, ಗ್ಯಾಸು ಬರುವುದು ಪೈಪ್‌ಲೈನಿನಲ್ಲಿ. ನಲ್ಲಿಯ ನೀರಿನಂತೆ ಗೋಡೆಯಿಂದ ಬರುತ್ತದೆ. ಸಿಲಿಂಡರು ಬುಕ್ ಮಾಡುವುದು, ಖಾಲಿಯಾಯಿತೇ ಎಂದು ಎತ್ತಿ ನೋಡುವುದು ನಮಗೆ ಮರೆತೇ ಹೋಗಿದೆ. ರಜನಿಬೆನ್‌ಳ ಅತ್ತೆಮನೆಯ ಹಳ್ಳಿಯಲ್ಲಿ ಮಾತ್ರ ಇನ್ನೂ ಸಿಲಿಂಡರೇ.

"ಗ್ಯಾಸ್ ಅಂದ್ರ ಗ್ಯಾಸು" ಎಂದರು ಅವರು.

"ಹಿಟ್ಟಂದ್ರ ಹಿಟ್ಟೇನ್ರೀ? ನಾಳಿಗೆ ಗೋಧಿ ಹಿಟ್ಟಿನ್ಯಾಗ ರೊಟ್ಟಿ ಬಡೀಲೇನು?"

ಅವರು ಎದ್ದು ಬಂದು ನನ್ನ ಪಕ್ಕ ಕೂತರು. ನಾನು ಎರಡೂ ಒಲೆಯ ಬರ್ನರು ಎತ್ತಿ ಪಕ್ಕಕ್ಕಿಟ್ಟೆ. ಎರಡರ ಹಿತ್ತಾಳೆಯ ಜೆಟ್ಟುಗಳೂ ನೋಡಲು ಒಂದೇ ತರಹ. ನನ್ನ ಕಣ್ಣಿಗಂತೂ ವ್ಯತ್ಯಾಸ ಕಾಣಲಿಲ್ಲ. ರಜನಿಬೆನ್‌ಗೆ ಹೊಲಿಗೆಯ ಸೂಜಿ ತರಲು ಹೇಳಿದೆ. ಅವಳು ತನ್ನ ಚನಿಯಾಚೋಳಿಯ ಲಂಗಕ್ಕೆ ಮಣಿ ಪೋಣಿಸುವ ಸಣ್ಣ ಸೂಜಿಯಿಂದ ಹಿಡಿದು ಒಂದು ಡಬ್ಬಿಯನ್ನೇ ತಂದಳು. ಒಂದು ಸೂಜಿ ಆರಿಸಿ ಮೊದಲು ಅವಳ ಒಲೆಯ ತೂತಿಗೆ ಇಟ್ಟೆ. ತುದಿ ಮಾತ್ರ ಹೋಗಿ ನಿಂತಿತು. ಅದೇ ಸೂಜಿಯನ್ನು ನಮ್ಮ ಹೊಸ ಒಲೆಗೆ ಇಟ್ಟೆ. ಸರಕ್ಕನೆ ಅರ್ಧ ಇಳಿಯಿತು.

ನಮ್ಮವರು ನನ್ನ ಕೈಯಿಂದ ಸೂಜಿ ಕಸಿದುಕೊಂಡು ತಾವೇ ಮಾಡಿ ನೋಡಿದರು. ಮತ್ತೊಮ್ಮೆ ಮಾಡಿದರು. ತೂತು ಕಟ್ಟಿಕೊಂಡಿದೆಯೇ ಎಂದು ಅವರು ಹತ್ತು ಸಲ ನೋಡಿದ್ದರು. ಬೇಕಾದ್ದಕ್ಕಿಂತ ದೊಡ್ಡದಾಗಿದೆಯೇ ಎಂದು ಯಾರು ನೋಡುತ್ತಾರೆ?

"ಗೌರಾ," ಎಂದರು. ಆ ಒಂದು ಕರೆಯಲ್ಲೇ ನನಗೆ ಬರಬೇಕಾದ್ದೆಲ್ಲ ಬಂತು.

ಒಲೆಯನ್ನು ಜೀಪಿನಲ್ಲಿ ಹಾಕಿಕೊಂಡು ಅಮೃತ್‌ಭಾಯಿಯ ಅಂಗಡಿಗೆ ಹೋದೆವು. ನನಗೆ ತಿಳಿದಷ್ಟು ಗುಜರಾತಿಯನ್ನೆಲ್ಲ ಒಟ್ಟುಮಾಡಿ ಅವನನ್ನು ತರಾಟೆಗೆ ತೆಗೆದುಕೊಂಡೆ. ಅವನು ಶಾಂತವಾಗಿ ಕೇಳಿ, ಗಿರಾಕಿಯೊಬ್ಬರಿಗೆ ಕುಕ್ಕರಿನ ಸೀಟಿ ಕೊಟ್ಟು ಕಳಿಸಿ, ಆಮೇಲೆ ನನ್ನ ಕಡೆ ತಿರುಗಿದ. ಅವನಿಗೆ ನಾನು ಮಾಸಿ, ಅಂದರೆ ಚಿಕ್ಕಮ್ಮ.

"ಮಾಸಿ, ನಾನೇ ಬದಲಾಯಿಸಿದ್ದು. ಕಂಪನಿಯಿಂದ ಒಲೆ ಬರುವುದು ಸಿಲಿಂಡರಿನ ಜೆಟ್ ಹಾಕಿಯೇ. ಇಲ್ಲಿ ಮನೆ ಮನೆಗೂ ಪೈಪ್‌ಲೈನು. ಪೈಪಿನ ಗ್ಯಾಸಿಗೆ ಕಸುವು ಕಡಿಮೆ, ತೂತು ದೊಡ್ಡದು ಬೇಕು. ಅದಕ್ಕೆ ಮಾರುವ ಮೊದಲೇ ನಾನು ಪೈಪಿನ ಜೆಟ್ ಹಾಕಿಬಿಡುತ್ತೇನೆ. ನಿಮ್ಮ ಮನೆಯಲ್ಲಿ ಪೈಪ್‌ಲೈನು ಇದೆಯೆಂದು ನನಗೆ ಗೊತ್ತಿಲ್ಲವೇ? ಮಾಸಿಗೆ ಮತ್ತೆ ತೊಂದರೆ ಬೇಡ ಎಂದು ಮಾಡಿಕೊಟ್ಟೆ."

"ನನ್ನನ್ನು ಒಂದು ಮಾತು ಕೇಳಬೇಕೋ ಬೇಡವೋ?"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಚೂಲೋ ತೋ ಘರ್‌ಮಾ ಜ ಹೋಯ ನೆ, ಮಾಸಿ" ಎಂದ. ಒಲೆ ಎಂದಮೇಲೆ ಮನೆಯಲ್ಲೇ ಅಲ್ಲವೇ ಇರುವುದು, ಇದರಲ್ಲಿ ಕೇಳುವುದೇನಿದೆ ಎಂದು.

ಆ ಮಾತು ನನಗೆ ಚುರುಕ್ಕೆಂದಿತು. ಬೈಯಲು ಬಾಯಿ ತೆರೆದೆ, ಆದರೆ ಅವನ ಮುಖದಲ್ಲಿ ಕಿಂಚಿತ್ತೂ ಕೆಟ್ಟತನವಿರಲಿಲ್ಲ. ಪಾಪ, ನನಗೆ ಒಳ್ಳೆಯದು ಮಾಡಲೆಂದೇ ಮಾಡಿದ್ದ. ನನಗೆ ಒಳ್ಳೆಯದು ಮಾಡಲು ಹೊರಟವರೆಲ್ಲ ಹೀಗೆಯೇ, ಒಂದು ಮಾತು ಕೇಳಿದವರಿಲ್ಲ. ನಗು ಬಂತು. ನಾನು ನಕ್ಕದ್ದು ನೋಡಿ ಅವನೂ ನಕ್ಕು, ಡಬ್ಬಿಯಿಂದ ಎರಡು ಸಣ್ಣ ಜೆಟ್ಟು ತೆಗೆದು ಹಾಕಿ, ಬಿಗಿಮಾಡಿ, ಅಲ್ಲೇ ಸಿಲಿಂಡರಿಗೆ ಸಿಕ್ಕಿಸಿ ಹಚ್ಚಿ ತೋರಿಸಿದ. ನೀಲಿ.

ಜೀಪಿನಲ್ಲಿ ಬರುವಾಗ ನಮ್ಮವರು "ಪೈಪಿನ ಗ್ಯಾಸು ಬಂದಾಗ ನಮ್ಮ ಹಳೀ ಒಲಿಗೂ ಯಾರೋ ಬಂದು ಏನೋ ಬದಲ್ ಮಾಡಿ ಹೋಗಿದ್ರು ನೋಡು, ನಾ ಡ್ಯೂಟಿ ಮ್ಯಾಲಿದ್ದೆ" ಎಂದರು. ಇರಬಹುದು. ನನಗೆ ಅದು ನೆನಪಿರಲಿಲ್ಲ, ನೆನಪಿಸಿಕೊಳ್ಳುವ ಮನಸ್ಸೂ ಇರಲಿಲ್ಲ. ನಾನು ಜೋಳದ ಹಿಟ್ಟು ಎಷ್ಟು ಒಯ್ಯಬೇಕು ಎಂದು ಲೆಕ್ಕ ಹಾಕುತ್ತಿದ್ದೆ.

ಸಂಜೆ ಟ್ರೇಲರಿನ ಬಾಗಿಲು, ಕಿಟಕಿ ಎಲ್ಲ ತೆರೆದು ಒಲೆ ಕೂರಿಸಿ, ಮತ್ತೆ ಸೋಪಿನ ನೊರೆ ಸವರಿ, ಉರಿಯನ್ನು ಸಣ್ಣದು ಮಾಡಿ, ದೊಡ್ಡದು ಮಾಡಿ ನೋಡಿದರು. ಆಮೇಲೆ ಕೆಳಗಿಳಿದು ಸುತ್ತಿಗೆಯಿಂದ ಗಾಲಿಗಳನ್ನು ತಟ್ಟಿ, ಕೊಂಡಿ ಎಳೆದು ನೋಡಿ, ಬೆನ್ನು ನೆಟ್ಟಗೆ ಮಾಡಿ ನಿಂತು "ಫಿಟ್" ಎಂದರು. ಬಾಲ್ಕನಿಯಿಂದ ರಜನಿಬೆನ್ ಚಪ್ಪಾಳೆ ತಟ್ಟಿದಳು. ಸೂರತ್ತಿನವರಿಗೆ ಫೋನು ಹೋಯಿತು, ಗಾಡಿ ನಾವೇ ಇಟ್ಟುಕೊಳ್ಳುತ್ತೇವೆ ಎಂದು. ವಿಂಧ್ಯಾಳಿಗೂ ಹೋಯಿತು. "ಸೂಜಿ ಹಾಕಿ ನೋಡಿದ್ಯಾ? ಅವ್ವಾ, ನೀನು ನಮ್ಮ ಲ್ಯಾಬಿಗೆ ಬಾ" ಎಂದಳು. ಪುರುಸೊತ್ತಿಲ್ಲ ಎಂದೆ.

ಭಾನುವಾರ ಬೆಳಿಗ್ಗೆ ಹೊರಟೆವು. ಹೆದ್ದಾರಿಯಲ್ಲಿ ಲಾರಿಗಳೆಲ್ಲ ನಮ್ಮನ್ನು ದಾಟಿ ಹೋದವು. ಮೊದಮೊದಲು ನಮ್ಮವರಿಗೆ ಅದು ಅವಮಾನವೆನ್ನಿಸಿ ಆಮೇಲೆ ರೂಢಿಯಾಯಿತು. ಭರೂಚದ ಹತ್ತಿರ ನಿಲ್ಲಿಸಿ ಕಡಲೆಕಾಯಿ ತಿಂದೆವು. ಸೂರತ್ ದಾಟಿ, ಸಚಿನ್‌ನ ಚಿಮಣಿಗಳನ್ನೂ ಹಿಂದೆ ಬಿಟ್ಟು, ಸಮುದ್ರದ ಕಡೆಗೆ ಹೋಗುವ ಕಿರುದಾರಿ ಹಿಡಿದೆವು. ಎಲ್ಲಿ ನಿಲ್ಲಿಸಲಿ, ಎಲ್ಲಿ ನಿಲ್ಲಿಸಲಿ ಎಂದು ಅವರು ಕೇಳುತ್ತಲೇ ಇದ್ದರು. ನಿಲ್ದಾಣವಿಲ್ಲದ ಕಡೆ ನಿಲ್ಲಿಸಿ ಅವರಿಗೆ ಅಭ್ಯಾಸವಿಲ್ಲ. ಗಾಳಿಮರಗಳ ಸಾಲು ಬಂದಾಗ "ಇಲ್ಲೇ" ಎಂದೆ. ನೆರಳಿತ್ತು, ಮರಗಳ ಸಂದಿಯಲ್ಲಿ ನೀರು ಕಾಣುತ್ತಿತ್ತು, ಅಷ್ಟೇ.

ಅವರು ಜಾಕು ಕೊಟ್ಟು ಗಾಡಿ ಮಟ್ಟ ಮಾಡಿದರು. ನಾನು ಒಲೆ ಹಚ್ಚಿ ಎಸರಿಟ್ಟೆ, ಹಿಟ್ಟು ನಾದಿದೆ. ಹೆಸರುಕಾಳಿನ ಪಲ್ಯ ಒಂದು ಉರಿಯ ಮೇಲೆ, ಹಂಚು ಇನ್ನೊಂದರ ಮೇಲೆ. ಮೊದಲ ರೊಟ್ಟಿ ಉಬ್ಬಿದಾಗ ನಮ್ಮವರು ಮಡಚುವ ಕುರ್ಚಿ ಹಾಕಿಕೊಂಡು ತಟ್ಟೆ ಹಿಡಿದು ಬಾಗಿಲ ಹೊರಗೆ ತಯಾರಾಗಿ ಕೂತಿದ್ದರು.

ಅಷ್ಟರಲ್ಲಿ ಸೈಕಲ್ಲಿನಲ್ಲಿ ಮೇವಿನ ಹೊರೆ ಹೇರಿಕೊಂಡು ಮುದುಕರೊಬ್ಬರು ಬಂದರು. ನಮ್ಮ ಗಾಲಿಯ ಮನೆಯನ್ನು ಹಿಂದೆ ಮುಂದೆ ನೋಡಿ, ಸೈಕಲ್ಲು ನಿಲ್ಲಿಸಿ ಕೇಳಿದರು.

"ಕೋನೆ ತ್ಯಾಂ ಆವ್ಯಾ?"

ಯಾರ ಮನೆಗೆ ಬಂದಿರಿ ಎಂದು. ಹೊಸಬರನ್ನು ಕಂಡರೆ ಇಲ್ಲಿಯ ಜನ ಮೊದಲು ಕೇಳುವ ಪ್ರಶ್ನೆ. ನಮ್ಮ ಕಡೆಯೂ ಅದನ್ನೇ ಕೇಳುತ್ತಾರೆ. ನಾನು ಹೋದ ಊರಲ್ಲೆಲ್ಲ ಇದಕ್ಕೆ ಉತ್ತರ ಕೊಡುತ್ತಿದ್ದವರು ನಮ್ಮವರು. ಇಂಥವರ ಮನೆಗೆ, ಇಂಥ ಕಾರ್ಯಕ್ಕೆ ಎಂದು. ಈ ಸಲವೂ ಅವರು ಬಾಯಿ ತೆರೆದರು. ಹೇಳಲು ಹೆಸರು ಸಿಗದೆ ತಿರುಗಿ ನನ್ನ ಮುಖ ನೋಡಿದರು.

"ಕೋಯಿನೆ ತ್ಯಾಂ ನಹಿ, ಭಾಯಿ" ಎಂದೆ. ಯಾರ ಮನೆಗೂ ಅಲ್ಲಪ್ಪ.

"ಹಾಗಾದರೆ ಯಾಕೆ ಬಂದಿರಿ?"

"ಸುಮ್ಮನೆ" ಎಂದೆ.

ಮುದುಕರು ಸ್ವಲ್ಪ ಯೋಚಿಸಿ, ತಲೆಯಾಡಿಸಿ, ಒಳ್ಳೆಯದಾಯಿತು ಬಿಡಿ ಎಂದು ನಕ್ಕು ಸೈಕಲ್ಲು ತುಳಿದುಕೊಂಡು ಹೋದರು. ನಾನು ಒಲೆಯ ಕಡೆ ತಿರುಗಿದೆ. ಹಂಚಿನ ಮೇಲೆ ರೊಟ್ಟಿ ಉಬ್ಬುತ್ತಿತ್ತು, ನನಗೆ ಅದು ಸರಿಯಾಗಿ ಕಾಣಲಿಲ್ಲ. ಕಣ್ಣು ತುಂಬಿ ಬಂದಿತ್ತು.

"ಯಾಕ ಗೌರಾ, ಏನಾತು?" ಎಂದರು ಅವರು ತಟ್ಟೆ ಹಿಡಿದುಕೊಂಡೇ.

ಹೊಗೆ ಎಂದು ಹೇಳಿಬಿಡೋಣ ಎಂದುಕೊಂಡೆ. ಆದರೆ ಉರಿ ಅಚ್ಚ ನೀಲಿಯಾಗಿತ್ತು, ಒಂದೆಳೆ ಹೊಗೆಯೂ ಇರಲಿಲ್ಲ.